ಅಪ್ಪನ ಮಾರು

ಮಕ್ಕಳನ್ನು ಸ್ಕೌಟ್ ದಳಕ್ಕೆ ಸೇರಿಸುವ ಮುನ್ನ ಮನೆಯವರು ಏನೇನು ತಿಳಿದಿರಬೇಕು ಎಂದು ದಳದವರೇ ಒಂದು ನೀಲಿ ಕಾಗದ ಅಚ್ಚು ಹಾಕಿಸಿ ಹಂಚುತ್ತಾರೆ. ಮಗು ಉಗುರು ಕತ್ತರಿಸಿರಬೇಕು, ನೀರಿನ ಬಾಟಲಿ ತರಬೇಕು, ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮೈದಾನದಲ್ಲಿರಬೇಕು ಎಂದೆಲ್ಲ ಅದರಲ್ಲಿದೆ. ಮುಖ್ಯವಾದದ್ದು ಮಾತ್ರ ಇಲ್ಲ. ಮೈದಾನದ ನಟ್ಟನಡುವೆ, ನಮ್ಮ ಅರ್ಧಕ್ಕರ್ಧ ಗಿರಾಕಿಗಳ ಕಣ್ಣೆದುರು, ಬಗಲು ಹರಿದ ಅಂಗಿಯಲ್ಲಿ ಎರಡೂ ಕೈ ಚಾಚಿಕೊಂಡು ನಿಲ್ಲಬೇಕಾಗುತ್ತದೆ ಎಂದು ಆ ಕಾಗದದ ಯಾವ ಮೂಲೆಯಲ್ಲೂ ಬರೆದಿಲ್ಲ. ಹಿಂದೆ ಮುಂದೆ ತಿರುಗಿಸಿ ಎರಡು ಸಲ ಹುಡುಕಿದ್ದೇನೆ. (ಮೊದಲ ಸಲ ಓದಿದ್ದೂ ಆಗಲೇ. ಸಹಿ ಹಾಕುವಾಗ ಓದಿರಲಿಲ್ಲ.)

ಆದ್ದರಿಂದ ಆ ಕಾಗದದಲ್ಲಿ ಬಿಟ್ಟುಹೋದದ್ದನ್ನು ನಾನು ತುಂಬಿಸಿಕೊಡುತ್ತಿದ್ದೇನೆ. ಪುಕ್ಕಟೆಯಾಗಿ. ನಾನು ಪುಕ್ಕಟೆಯಾಗಿ ಏನನ್ನಾದರೂ ಕೊಡುತ್ತಿದ್ದೇನೆಂದರೆ ನನಗೆ ತಗುಲಿದ ಪೆಟ್ಟು ಎಂಥದ್ದಿರಬೇಕು, ನೀವೇ ಊಹಿಸಿ.

ನಾನು ಹಗ್ಗದ ವ್ಯಾಪಾರಿ. ನಮ್ಮದು ಎರಡು ತಲೆಮಾರಿನ ಅಂಗಡಿ. ನೈಲಾನ್ ಹಗ್ಗ, ನಾರಿನ ಹಗ್ಗ, ನೂಲಿನ ಹುರಿ, ಜೊತೆಗೆ ಬಕೆಟ್ಟು, ಟಾರ್ಪಾಲು, ಟಾರ್ಚು. ಹಗ್ಗವನ್ನು ನಾವು ಅಳೆಯುವುದು ಮಾರಿನಲ್ಲಿ. ಎರಡೂ ಕೈ ಅಗಲಿಸಿ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಅಂಗಡಿಯಲ್ಲಿ ಮೀಟರಿನ ಕೋಲೂ ಇದೆ. ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಅದನ್ನು ಅಡ್ಡ ಕೊಟ್ಟಿದ್ದೇನೆ. ಮಾರು ಎಂದರೆ ಅಳತೆಯೂ ಹೌದು, ವ್ಯಾಪಾರ ಮಾಡು ಎಂಬ ಅಪ್ಪಣೆಯೂ ಹೌದು. "ಮಾರು ಹಾಕು, ಮಾರು" ಎಂದಷ್ಟೇ ಹೇಳಿ ನಮ್ಮಪ್ಪ ನನ್ನನ್ನು ಗಲ್ಲಾದ ಮುಂದೆ ಕೂರಿಸಿದ್ದರು. ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ವೃತ್ತಿರಹಸ್ಯ ಹೇಳಬೇಕು. ಈಗ ಅದು ಊರಿಗೆಲ್ಲ ಗೊತ್ತಿರುವುದರಿಂದ ಹೇಳಲು ಅಡ್ಡಿಯಿಲ್ಲ. ವ್ಯಾಪಾರಿಯ ತೋಳು ಮೂಳೆ ಮಾಂಸದ್ದಲ್ಲ, ರಬ್ಬರಿನದು. ಕೊಳ್ಳುವಾಗ ಹಿಗ್ಗುತ್ತದೆ, ಮಾರುವಾಗ ಕುಗ್ಗುತ್ತದೆ. ಗಿರಾಕಿಗೆ ಹಗ್ಗ ಅಳೆಯುತ್ತಾ "ಮನೇಲೆಲ್ಲಾ ಆರಾಮಾ? ಮಕ್ಕಳು ಚೆನ್ನಾಗಿದಾರಾ?" ಎಂದು ವಿಚಾರಿಸುತ್ತೇನೆ. ವಿಚಾರಿಸುವಾಗ ನನ್ನ ಮೊಣಕೈ ತಾನಾಗಿ ಸ್ವಲ್ಪ ಬಾಗುತ್ತದೆ, ಆತ್ಮೀಯತೆಯಿಂದ. ಗಿರಾಕಿ ನನ್ನ ಮಾತಿಗೆ ಮಾರುಹೋದಷ್ಟೂ ಮಾರು ಕಿರಿದಾಗುತ್ತದೆ. (ನಮ್ಮಪ್ಪನ ಮಾರು ಇನ್ನೂ ಚಿಕ್ಕದಿತ್ತು. ಅವರು ತುಂಬಾ ಆತ್ಮೀಯ ಮನುಷ್ಯ.) ಆದರೆ ಕಾರ್ಖಾನೆಯ ಏಜೆಂಟ್ ಹಗ್ಗದ ಸುರುಳಿ ತಂದಾಗ, ಅಳೆದು ಇಳಿಸಿಕೊಳ್ಳುವವನು ನಾನು. ಆಗ ಎದೆಯುಬ್ಬಿಸಿ ತುದಿಗಾಲಲ್ಲಿ ನಿಲ್ಲುತ್ತೇನೆ. ತುದಿಗಾಲಲ್ಲಿ ನಿಂತರೆ ತೋಳು ಹೇಗೆ ಉದ್ದವಾಗುತ್ತದೆ ಎಂದು ವಿಜ್ಞಾನಿಗಳು ಹೇಳಲಾರರು, ವ್ಯಾಪಾರಿಗಳು ಬಲ್ಲರು.

ಇನ್ನು ಮನೆ. ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹನಿ, ಚಮಚ, ಗುಳಿಗೆ ಎಂದು ದಿನವಿಡೀ ಕರಾರುವಾಕ್ಕಾಗಿ ಅಳೆದು ಕೊಡುವ ಕೈ. ಅಂಥವಳಿಗೆ ನನ್ನಂಥ ಗಂಡ. ಮಗಳಿಗೆ ಹತ್ತು ವರ್ಷ. ಗುಂಡು ಮುಖ, ಚೂಪು ಬಾಯಿ. ಮನೆಯಲ್ಲಿ ಅವಳನ್ನು ಕರೆಯುವುದು ಗುಂಡುಸೂಜಿ ಎಂದು.

ಒಂದು ಸಂಜೆ ಗುಂಡುಸೂಜಿ ಆ ನೀಲಿ ಕಾಗದ ಹಿಡಿದುಕೊಂಡು ಅಂಗಡಿಗೆ ಬಂದಳು.

"ಅಪ್ಪಾ, ನಾನು ಸ್ಕೌಟ್ಸ್ ಸೇರ್ಲಾ?"

"ಏನ್ ಮಾಡಿಸ್ತಾರೆ ಅಲ್ಲಿ?"

"ಗಂಟು ಹಾಕೋದು, ಡೇರೆ ಕಟ್ಟೋದು, ಹಗ್ಗದ ಸೇತುವೆ ಮಾಡೋದು..."

"ಹಗ್ಗ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ. ಅಂಗಡೀಲಿ ತಗೋಬೇಕಂತೆ."

ನನ್ನ ತಲೆಯಲ್ಲಿ ಮಹಾಜ್ಞಾನೋದಯವಾಯಿತು. ಮೂವತ್ತು ಮಕ್ಕಳು. ಮೂವತ್ತು ಮನೆ. ಮನೆಮನೆಯಲ್ಲೂ ಗಂಟು! ಕಾಗದ ಕಿತ್ತುಕೊಂಡು ಎಲ್ಲೆಲ್ಲಿ ಗೆರೆ ಕಂಡಿತೋ ಅಲ್ಲೆಲ್ಲ ಸಹಿ ಜಡಿದೆ. ಏಜೆಂಟನ ಒಂದು ಸಾಲಿನ ಚೀಟಿಯನ್ನು ಬೆಳಕಿಗೆ ಹಿಡಿದು ಓದುವವನು ನಾನು.

ರಾತ್ರಿ ಊಟದ ಮೇಜಿನ ಮುಂದೆ ಕೂತು ಹೆಂಡತಿ ಅದನ್ನು ಓದಿದಳು.

"ರೀ, ಇದನ್ನ ಓದಿದ್ರಾ?"

"ಮಕ್ಕಳಾಟದ ಕಾಗದ. ಅದರಲ್ಲಿ ಓದೋಕೇನಿದೆ?"

"'ಮಗುವಿನ ಜೊತೆಗೆ ಮನೆಯವರೆಲ್ಲರೂ ದಳದ ನಿಯಮಗಳಿಗೆ ಬದ್ಧರಾಗಿರುತ್ತೇವೆ' ಅಂತಿದೆ. ಮೊದಲನೇ ನಿಯಮ, ಸತ್ಯ ಹೇಳೋದು."

"ಅಚ್ಚು ಹಾಕೋವಾಗ ಜಾಗ ಉಳಿದಿರುತ್ತೆ. ತುಂಬಿಸೋಕೆ ಏನೋ ಹಾಕ್ತಾರೆ."

"ಸರಿ. ಆಮೇಲೆ ನನ್ನ ಕೇಳಬೇಡಿ" ಎಂದು ನಕ್ಕಳು. ಆ ನಗೆಯ ಅರ್ಥ ಅಂದು ತಿಳಿದಿದ್ದರೆ ಅಲ್ಲೇ ಕಾಗದ ಹರಿದುಹಾಕುತ್ತಿದ್ದೆ.

ಹೀಗಾಗಿ, ಮನೆಯವರೇ, ಮೊಟ್ಟಮೊದಲು ತಿಳಿದಿರಬೇಕಾದದ್ದು: ಸೇರುವುದು ಮಗುವಲ್ಲ. ಸೇರುವುದು ಸಂಸಾರ.

ಮೊದಲನೆಯ ವಾರ ಪ್ರತಿಜ್ಞೆ. ಕೊರಳಿಗೆ ಹಳದಿ ಸ್ಕಾರ್ಫು ಕಟ್ಟಿಕೊಂಡು, ಮೂರು ಬೆರಳೆತ್ತಿ, ಸತ್ಯವನ್ನೇ ಹೇಳುತ್ತೇನೆ, ದಿನಕ್ಕೊಂದು ಒಳ್ಳೆಯ ಕೆಲಸ ಮಾಡುತ್ತೇನೆ ಎಂದು ಗುಂಡುಸೂಜಿ ಗಟ್ಟಿಯಾಗಿ ಹೇಳಿದಳು. ನಾನೂ ಕೈತಟ್ಟಿದೆ. ಮಾರನೆಯ ದಿನ ಶಾಲೆಯಿಂದ ನೇರವಾಗಿ ಅಂಗಡಿಗೆ ಬಂದು, ನಾನು ಗಿರಾಕಿಯೊಬ್ಬರಿಗೆ ಹೊಗಳಿ ಹೊಗಳಿ ತೋರಿಸುತ್ತಿದ್ದ ಬಕೆಟ್ಟನ್ನೇ ನೋಡುತ್ತಾ ನಿಂತಳು.

"ಆಂಟೀ, ಇದರ ಹಿಡಿ ಬೇಗ ಕಿತ್ತು ಬರುತ್ತೆ. ನಮ್ಮನೇಲಿ ಮೂರು ಕಿತ್ತಿವೆ."

ನನ್ನ ಕೈಯಲ್ಲಿದ್ದ ಬಕೆಟ್ಟು ಜಾರಿತು. ಕೆಳಗೆ ಬಿದ್ದದ್ದು ಬಕೆಟ್ಟು ಮಾತ್ರ. ಹಿಡಿ ನನ್ನ ಕೈಯಲ್ಲೇ ಉಳಿದಿತ್ತು.

"ಒಳ್ಳೆ ಮಗು" ಎಂದು ಆಂಟಿ ಅವಳ ಕೆನ್ನೆ ಸವರಿ ಹೊರಟುಹೋದರು. ಮಗಳು ಪುಸ್ತಕ ತೆಗೆದು ಬರೆದುಕೊಂಡಳು: 'ಇಂದಿನ ಒಳ್ಳೆಯ ಕೆಲಸ, ಆಂಟಿಗೆ ಬಕೆಟ್ಟಿನ ವಿಷಯ ಹೇಳಿದ್ದು.'

"ಪುಟ್ಟಾ, ಒಳ್ಳೆ ಕೆಲಸ ಮನೆಯವರಿಗೂ ಮಾಡಬಹುದಂತಾ?" ಎಂದೆ ನಯವಾಗಿ.

"ಮಾಡಬಹುದು ಅಪ್ಪಾ. ಆದ್ರೆ ಸತ್ಯ ಮೊದಲು ಬರುತ್ತೆ. ಪಟ್ಟೀಲಿ ಮೇಲಿದೆ."

ಎರಡನೆಯ ವಾರ ಗಂಟುಗಳು. ಈ ಲೋಕದಲ್ಲಿ ಇಷ್ಟು ಬಗೆಯ ಗಂಟುಗಳಿವೆ ಎಂದು ಇಪ್ಪತ್ತು ವರ್ಷ ಹಗ್ಗ ಮಾರಿದ ನನಗೇ ತಿಳಿದಿರಲಿಲ್ಲ. ಕುರ್ಚಿಗೆ ಗಂಟು, ಛತ್ರಿಗೆ ಗಂಟು, ನನ್ನ ಎಡ ಚಪ್ಪಲಿಗೂ ಬಲ ಚಪ್ಪಲಿಗೂ ನಡುವೆ ಗಂಟು. ಒಂದು ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ. ಸ್ನಾನ ಮುಗಿಸಿ ಬಾಗಿಲೆಳೆದರೆ ಬರಲೊಲ್ಲದು. ಹೊರಗಿನಿಂದ ಹಿಡಿಗೂ ಪಕ್ಕದ ಕಿಟಕಿಯ ಸರಳಿಗೂ ಸೇರಿಸಿ ಹಗ್ಗ ಬಿಗಿದು ಮಗಳು ಶಾಲೆಗೆ ಹೋಗಿಬಿಟ್ಟಿದ್ದಳು. ಅಭ್ಯಾಸವಂತೆ.

"ರೀ, ಎಳೀಬೇಡಿ!" ಎಂದಳು ಹೊರಗಿನಿಂದ ಹೆಂಡತಿ. "ಎಳೆದಷ್ಟೂ ಬಿಗಿಯೋ ಗಂಟಂತೆ ಇದು."

"ಬಿಚ್ಚೇ ಮಾರಾಯ್ತಿ!"

"ನನಗೆ ಬರಲ್ಲ. ಹಗ್ಗದ ವ್ಯಾಪಾರಿ ನೀವು. ಹೇಗೆ ಬಿಚ್ಚೋದು ಹೇಳಿ, ಬಿಚ್ತೀನಿ."

"ನಾನು ಹಗ್ಗ ಮಾರೋನು ಕಣೇ, ಕಟ್ಟೋನೂ ಅಲ್ಲ, ಬಿಚ್ಚೋನೂ ಅಲ್ಲ!"

"ಹಾಗಾದ್ರೆ ಚಾಕು ತಂದು ಕತ್ತರಿಸ್ತೀನಿ."

ಒಳ್ಳೆಯ ಸಲಹೆ. ನಾನು ಒಪ್ಪಿಕೊಳ್ಳಬೇಕಿತ್ತು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆ. ಹೊಸ ಹಗ್ಗ, ಹೊಳಪಿನ ನೈಲಾನು, ಸುರುಳಿಯಿಂದ ಮೊನ್ನೆಯಷ್ಟೇ ಬಿಚ್ಚಿದ್ದು. ನನ್ನ ಗಂಟಲಿನಿಂದ ನನ್ನನ್ನು ಕೇಳದೆಯೇ ಕೂಗು ಹೊರಟಿತು: "ಕತ್ತರಿಸಬೇಡ!"

ಅವಳು ಕತ್ತರಿಸಲಿಲ್ಲ. ಕೆಲಸಕ್ಕೆ ಹೋದಳು. ಮಗಳು ಮಧ್ಯಾಹ್ನ ಬಂದು ಎರಡು ಬೆರಳಲ್ಲಿ ಗಂಟು ಸಡಿಲಿಸುವವರೆಗೆ ಟವೆಲು ಸುತ್ತಿಕೊಂಡು ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದೆ. (ಹಿಡಿ ಕಿತ್ತದ್ದು. ಕೂರಲು ಅಡ್ಡಿಯಿಲ್ಲ.)

ಇಷ್ಟೆಲ್ಲ ಆದರೂ ನಾನು ಮುಖ ಗಂಟು ಹಾಕಿಕೊಳ್ಳದೆ ಸಹಿಸಿದೆ. ಸೇತುವೆಯ ಹಗ್ಗದ ಆರ್ಡರು ಇನ್ನೂ ಬರಬೇಕಿತ್ತಲ್ಲ.

ಮೂರನೆಯ ವಾರ ಅಳತೆ. ಅಲ್ಲಿ ನನ್ನ ಗ್ರಹಚಾರ ಕಾದು ಕುಳಿತಿತ್ತು.

ದಳದ ನಾಯಕಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು. ಕೊರಳಲ್ಲಿ ಸದಾ ಸೀಟಿ ತೂಗುವುದರಿಂದ ಮಕ್ಕಳ ಬಾಯಲ್ಲಿ ಸೀಟಿ ಮೇಡಂ. ಕಾಡಿನಲ್ಲಿ ಟೇಪು ಸಿಗುವುದಿಲ್ಲ, ಮೈಯೇ ನಮ್ಮ ಟೇಪು ಎಂದು ಆಕೆ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು, ಮೊಣಕೈಯಿಂದ ಬೆರಳ ತುದಿಗೆ ಮೊಳ, ಕೈಯಿಂದ ಕೈಗೆ ಮಾರು. ಮನೆಮಂದಿಯ ಅಳತೆಯನ್ನೆಲ್ಲ ಬರೆದುಕೊಂಡು ಬಂದು, ಅದರ ಆಧಾರದ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿ ತೋರಿಸಿದವರಿಗೆ ಅಳತೆಯ ಬ್ಯಾಡ್ಜು. ದಳದಲ್ಲಿ ಯಾರಿಗೂ ಅದು ಇನ್ನೂ ಸಿಕ್ಕಿರಲಿಲ್ಲ. ಗುಂಡುಸೂಜಿಗೆ ಅದು ಬೇಕೇ ಬೇಕು. ನಿದ್ದೆಯಲ್ಲೂ ಗೇಣು ಹಾಕುತ್ತಿದ್ದಳು.

ನಮ್ಮ ಎದುರಂಗಡಿ ಟೈಲರ್ ಹತ್ತಿರ ಟೇಪು ಕೇಳಿ ತಂದು ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು.

"ಅಪ್ಪಾ, ಕೈ ಚಾಚು."

ಹೆಂಡತಿ ನೋಡುತ್ತಿದ್ದಳು. ಗಂಡಸು ಹೆಂಡತಿಯ ಮುಂದೆ ಎಲ್ಲಾದರೂ ಕುಗ್ಗಿ ನಿಲ್ಲುತ್ತಾನೆಯೇ? ಎದೆಯುಬ್ಬಿಸಿ, ಭುಜ ಸಡಿಲಿಸಿ, ರೆಕ್ಕೆಯಂತೆ ಚಾಚಿದೆ.

"ಐದೂಮುಕ್ಕಾಲು ಅಡಿ! ಅಮ್ಮಾ, ಅಪ್ಪನ ಮಾರು ಎಷ್ಟು ದೊಡ್ಡದು ನೋಡು!"

"ನಿಮ್ಮಪ್ಪ ಅಂದ್ರೆ ಏನಂದ್ಕೊಂಡೆ?" ಎಂದು ಇನ್ನೂ ಒಂದಂಗುಲ ಎಳೆದೆ. ಅವಳು ದಪ್ಪಕ್ಷರದಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದಳು. ಚಾಣಾಕ್ಷನೆಂದು ಹೆಸರಾದ ನನಗೆ ಆ ಕ್ಷಣದಲ್ಲೂ ಏನೂ ಹೊಳೆಯಲಿಲ್ಲ.

ಮರುವಾರ ಸೀಟಿ ಮೇಡಂ ಅಂಗಡಿಗೆ ಬಂದರು. ಮೈದಾನದಾಚೆಯ ಕೆಸರುಗುಂಡಿಗೆ ಅಡ್ಡಲಾಗಿ ಎರಡು ಮರಗಳ ನಡುವೆ ಹಗ್ಗದ ಸೇತುವೆ. ಕಾಲಿಡಲೊಂದು ಹಗ್ಗ, ಕೈ ಹಿಡಿಯಲೊಂದು.

"ಎಷ್ಟು ಬೇಕು ಮೇಡಂ?"

"ಹನ್ನೆರಡು ಹನ್ನೆರಡು ಮಾರು. ಲೆಕ್ಕ ಮಾಡಿದ್ದು ನಿಮ್ಮ ಮಗಳೇ. ಮರದಿಂದ ಮರಕ್ಕೆ ಹೆಜ್ಜೆ ಹಾಕಿ ಅಳೆದಳು, ಸುತ್ತೋದಕ್ಕೆ ಬೇಕಾದ್ದು ಸೇರಿಸಿದಳು, 'ನಮ್ಮಪ್ಪನ ಮಾರಲ್ಲಿ ಹನ್ನೆರಡು ಸಾಕು ಮೇಡಂ, ಸ್ವಲ್ಪ ಮಿಗುತ್ತೆ' ಅಂದಳು. ಅವಳ ಬ್ಯಾಡ್ಜಿಗೆ ಇದೇ ಪರೀಕ್ಷೆ."

"ಬಹಳ ಸಂತೋಷ" ಎಂದು ಸುರುಳಿ ಎಳೆದು ಅಳೆಯತೊಡಗಿದೆ. "ಮನೇಲೆಲ್ಲಾ ಆರಾಮಾ ಮೇಡಂ? ಮಕ್ಕಳು ಚೆನ್ನಾಗಿದಾರಾ?"

"ದಳದ ಮಕ್ಕಳಾ? ನಿಮ್ಮ ಮಗಳೇ ಇದಾಳಲ್ಲ, ಚೆನ್ನಾಗಿದಾಳೆ" ಎಂದರು ಮೇಡಂ, ಸ್ವಲ್ಪ ಬೆರಗಾಗಿ.

ನಾನು ಬೇಕೆಂದು ಮಾಡಲಿಲ್ಲ. ಆಣೆ ಪ್ರಮಾಣ ಬೇಕಾದರೂ ಮಾಡುತ್ತೇನೆ. ಬಾಯಿ ಆ ಪ್ರಶ್ನೆ ಕೇಳಿತೆಂದರೆ ಮೊಣಕೈ ಬಾಗಲೇಬೇಕು. ಎರಡು ತಲೆಮಾರಿನ ತರಬೇತಿ. ಹನ್ನೆರಡು ಸಲ ಬಾಗಿತು. ಎರಡನೆಯ ಹಗ್ಗಕ್ಕೆ ಇನ್ನೂ ಹನ್ನೆರಡು ಸಲ. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಎಂಬ ಭೇದಭಾವ ನನ್ನಲ್ಲಿಲ್ಲ.

ಭಾನುವಾರ ಮೈದಾನದಲ್ಲಿ ಮನೆಯವರಿಗೆಲ್ಲ ಬುಲಾವು. ಹೋಗಿ ನೋಡಿದರೆ ಸುತ್ತ ನಿಂತವರೆಲ್ಲ ನನ್ನ ಗಿರಾಕಿಗಳು. ಬಕೆಟ್ಟಿನ ಆಂಟಿಯೂ ಇದ್ದರು. ಮಗನನ್ನು ದಳಕ್ಕೆ ಸೇರಿಸಿದ್ದ ಎದುರಂಗಡಿ ಟೈಲರ್ ಕೊರಳಿಗೆ ಟೇಪು ಇಳಿಬಿಟ್ಟುಕೊಂಡೇ ಬಂದಿದ್ದ. (ನನ್ನ ಕೊರಳಲ್ಲೂ ಹಳದಿ ಸ್ಕಾರ್ಫು. 'ಮನೆಯವರೆಲ್ಲರೂ' ಎಂದು ಸಹಿ ಹಾಕಿದ ಫಲ.) ಗುಂಡುಸೂಜಿ ತಾನೇ ಮೊದಲ ಮರಕ್ಕೆ ಹಗ್ಗ ಸುತ್ತಿ ಬಿಗಿದಳು. ದೊಡ್ಡ ಮಕ್ಕಳು ತುದಿ ಹಿಡಿದು ಗುಂಡಿಯನ್ನು ಬಳಸಿ ಆಚೆ ದಡಕ್ಕೆ ಓಡಿದರು. ಮೇಡಂ ಸೀಟಿ ಊದಿದರು. ಹಗ್ಗ ಸೆಟೆಯಿತು. ಎರಡನೆಯ ಮರದವರೆಗೆ ಹೋಯಿತು. ಮರವನ್ನು ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು.

ಸುತ್ತಲು ಒಂದು ಗೇಣೂ ಇಲ್ಲ.

ಎರಡನೆಯ ಹಗ್ಗ ಎಳೆದರು. ಅದೂ ಅಷ್ಟೇ. ಒಂದೇ ತಾಯಿಯ ಮಕ್ಕಳಂತೆ ಎರಡೂ ಸಮವಾಗಿ ಗಿಡ್ಡ.

ಮನೆಯ ಗೋಡೆ, ಟೈಲರನ ಟೇಪು, ಐದೂಮುಕ್ಕಾಲು ಅಡಿ, ಮಕ್ಕಳು ಚೆನ್ನಾಗಿದಾರಾ, ಎಲ್ಲ ಒಟ್ಟಿಗೆ ತಲೆಯೊಳಗೆ ಗಿರ್ರೆಂದು ಸುತ್ತಿ ಒಂದು ಗಂಟಾಯಿತು. ಎಳೆದಷ್ಟೂ ಬಿಗಿಯುವ ಗಂಟು.

ಆದರೂ ಬಾಯಿ ವ್ಯಾಪಾರಿಯದು. "ಬಿಸಿಲಿಗೆ ಹಗ್ಗ ಸ್ವಲ್ಪ ಕುಗ್ಗುತ್ತೆ ಮೇಡಂ" ಎಂದೆ.

"ಮೋಡ ಇದೆಯಲ್ಲಾ" ಎಂದರು ಯಾರೋ.

"ಮೋಡಕ್ಕೂ ಕುಗ್ಗುತ್ತೆ. ಮರಗಳೂ ಬೆಳೀತಾ ಬೆಳೀತಾ ದೂರ ದೂರ..."

ಮೇಡಂ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಮಗಳ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಪರವಾಗಿಲ್ಲ ಮರಿ. ಅಂದಾಜು ತಪ್ಪಿದೆ. ಬ್ಯಾಡ್ಜಿಗೆ ಮುಂದಿನ ವರ್ಷ ನೋಡೋಣ."

ಗುಂಡುಸೂಜಿಯ ಗುಂಡು ಮುಖ ಕೆಂಪಾಯಿತು. ಅಳಲಿಲ್ಲ. ಪುಸ್ತಕ ಬಿಚ್ಚಿ ಇನ್ನೊಂದು ಸಲ ಕೂಡಿದಳು, ಬೆರಳು ಮಡಿಸಿ ಮಡಿಸಿ. ಆಮೇಲೆ ತಲೆಯೆತ್ತಿದಳು.

"ಲೆಕ್ಕ ತಪ್ಪಿಲ್ಲ ಮೇಡಂ. ಅಪ್ಪನ ಮಾರು ಐದೂಮುಕ್ಕಾಲು ಅಡಿ. ನಾನೇ ಅಳೆದಿದೀನಿ. ಅಪ್ಪ ಹನ್ನೆರಡು ಮಾರು ಕೊಟ್ಟಿದಾರೆ. ನಮ್ಮಪ್ಪ ಕಡಿಮೆ ಕೊಡಲ್ಲ."

ಕೊನೆಯ ಮಾತಿಗೆ ಬಕೆಟ್ಟಿನ ಆಂಟಿ ಕೆಮ್ಮಿದರು.

"ಹಾಗಾದ್ರೆ ಸುಲಭ" ಎಂದರು ಮೇಡಂ. "ಸ್ವಾಮಿ, ನೀವು ಇಲ್ಲಿ ಬನ್ನಿ. ಒಂದು ಸಲ ಕೈ ಚಾಚಿ. ಟೈಲರಣ್ಣ ಅಳೀತಾರೆ."

ಈಗ ನನ್ನ ಸ್ಥಿತಿ ನೋಡಿ. ಮೊಣಕೈ ಬಾಗಿಸಿದರೆ ಮಾರು ಐದೇ ಅಡಿ. ಹಗ್ಗ ಸರಿ, ಅಂಗಡಿ ಸರಿ, ಮಗಳು ತಪ್ಪು. ಪೂರ್ತಿ ಚಾಚಿದರೆ ಮಗಳು ಸರಿ. ಎರಡು ತಲೆಮಾರು ತಪ್ಪು. ಎದುರಿಗೆ ಒಂದು ಕಡೆ ಇಪ್ಪತ್ತು ವರ್ಷದ ಗಿರಾಕಿಗಳು. ಇನ್ನೊಂದು ಕಡೆ ಪುಸ್ತಕ ಎದೆಗವಚಿಕೊಂಡ ಹತ್ತು ವರ್ಷದ ಮಗಳು. ಅವಳು ನನ್ನ ಕಡೆ ನೋಡುತ್ತಿದ್ದ ರೀತಿಯಲ್ಲಿ ಸಂಶಯದ ಒಂದು ಎಳೆಯೂ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ತಡೆದುಕೊಳ್ಳಲಾಗಲಿಲ್ಲ.

ಮೊಣಕೈಗಳು ಅಭ್ಯಾಸದಂತೆ ಬಾಗಲು ಹೊರಟವು. ಅವನ್ನು ಹಲ್ಲು ಕಚ್ಚಿ ನೆಟ್ಟಗೆ ಮಾಡಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಗಿರಾಕಿಗಳ ಮುಂದೆ ಎರಡೂ ಕೈ ಪೂರ್ತಿ ಚಾಚಿದೆ.

ಟರ್ರ್!

ಬಗಲಿನ ಹೊಲಿಗೆ ಎರಡೂ ಕಡೆ ಬಿಟ್ಟಿತು. ಮೈದಾನದ ತುಂಬ ಕೇಳಿಸುವಂತೆ.

ನಾನು ಟೈಲರನನ್ನು ದುರುಗುಟ್ಟಿ ನೋಡಿದೆ. "ಏನಪ್ಪಾ ಇದು? ಹೊಸ ಅಂಗಿ! ಬಗಲಲ್ಲಿ ಬಟ್ಟೆ ಬಿಡೋದಲ್ವಾ?"

ಅವನು ಟೇಪು ಹಿಡಿದವನು ಹಿಡಿದಂತೆಯೇ ಶಾಂತವಾಗಿ ಹೇಳಿದ: "ಹದಿನೈದು ವರ್ಷದಿಂದ ನಿಮ್ಮ ಅಂಗಡಿ ಎದುರಿಗೆ ಕೂತಿದೀನಿ ಸ್ವಾಮಿ. ನೀವು ಯಾವತ್ತೂ ಕೈ ಇಷ್ಟು ಚಾಚಿದ್ದು ನೋಡಿಲ್ಲ. ಹಾಗಾಗಿ ಆ ಬಟ್ಟೆ ದಂಡ ಅಂತ ಬಿಡಲಿಲ್ಲ."

ನಗು ಎಲ್ಲಿಂದ ಶುರುವಾಯಿತೋ ಹೇಳಲಾರೆ. ಬಕೆಟ್ಟಿನ ಆಂಟಿಯ ಕಡೆಯಿಂದ ಎಂದು ನನ್ನ ಅನುಮಾನ. ಅವರವರು ಒಯ್ದ ಹಗ್ಗ ಎಲ್ಲೆಲ್ಲಿ ಗಿಡ್ಡವಾಗಿತ್ತು ಎಂದು ಒಬ್ಬೊಬ್ಬರಿಗೂ ನೆನಪಾಗತೊಡಗಿತು.

"ಐದೂಮುಕ್ಕಾಲು" ಎಂದು ಟೈಲರ್ ಘೋಷಿಸಿದ. ಬಳಿಕ ಕೆಳಗೆ ಬಿದ್ದಿದ್ದ ಹಗ್ಗ ಅಳೆದ. "ಹನ್ನೆರಡಕ್ಕೆ ಅರವತ್ತೇ ಅಡಿ ಇದೆ ಮೇಡಂ. ಮಗು ಲೆಕ್ಕ ಸರಿ. ಮಾರು ತಪ್ಪು."

ಕೈ ಇಳಿಸಬಹುದೆಂದು ಯಾರೂ ಹೇಳಲಿಲ್ಲ. ನಾನು ಹಾಗೇ ನಿಂತಿದ್ದೆ. ಗುಂಡುಸೂಜಿ ಹತ್ತಿರ ಬಂದು ಮುಖ ನೋಡಿದಳು.

"ಅಪ್ಪಾ, ಅಂಗಡೀಲಿ ನಿನ್ನ ಮಾರು ಚಿಕ್ಕದಾಗುತ್ತಾ?"

ನಿಯಮ ಒಂದು. ಸಹಿ ನನ್ನದೇ. "ಹೂಂ ಪುಟ್ಟಾ. ಆಗುತ್ತೆ" ಎಂದೆ.

ಅವಳು ನನ್ನ ಎರಡೂ ಮೊಣಕೈ ನೋಡಿದಳು. "ಸತ್ಯ ಹೇಳಿದೆಯಲ್ಲ, ಬರ್ಕೋತೀನಿ" ಎಂದು ಪುಸ್ತಕ ತೆರೆದು, ನನ್ನ ಹೆಸರಿಗೊಂದು ಹೊಸ ಪುಟ ಮಾಡಿ, 'ಇಂದಿನ ಒಳ್ಳೆಯ ಕೆಲಸ' ಎಂದು ಬರೆದಳು. ಅವಳ ಎದೆಯ ಮೇಲೆ ಮೇಡಂ ಬ್ಯಾಡ್ಜು ಚುಚ್ಚಿದರು. ಗುಂಡಿಯಾಚೆಗೆ ಸೇತುವೆ ಬಿಗಿಯಲು ನಾನು ಅಂಗಡಿಗೆ ಓಡಿ ಎರಡು ಹೊಸ ಹಗ್ಗ ತಂದುಕೊಟ್ಟೆ. ಅಳೆದದ್ದು ಟೈಲರ್.

ಇಷ್ಟಕ್ಕೇ ಮುಗಿಯಿತೆಂದುಕೊಂಡು ಮನೆಗೆ ಬಂದೆ. ಹೆಂಡತಿ ಬೈಯುತ್ತಾಳೆಂದು ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಅವಳು ಬೈಯಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಹಗ್ಗದ ಮುಂದೆ ನಿಂತಳು.

ಆ ಹಗ್ಗದ ಇತಿಹಾಸ ಹೇಳಿರಲಿಲ್ಲ ನಿಮಗೆ. ಒಂಬತ್ತು ವರ್ಷದ ಹಿಂದೆ ನಾನೇ ಅಂಗಡಿಯಲ್ಲಿ ಅವಳಿಗೆ ಅಳೆದು ಕೊಟ್ಟ ಆರು ಮಾರು. ಆಚೆ ಗೋಡೆಯ ಕೊಕ್ಕೆಗೆ ಎಟುಕಲಿಲ್ಲ. "ಮೇಸ್ತ್ರಿ ಗೋಡೇನ ದೂರ ಕಟ್ಟಿದಾನೆ" ಎಂದಿದ್ದೆ. ಮಿಕ್ಕ ಭಾಗಕ್ಕೆ ಅವಳು ನನ್ನ ಹಳೆಯ ಪೈಜಾಮದ ಲಾಡಿ ಸೇರಿಸಿ ಗಂಟು ಹಾಕಿದಳು. ಲಾಡಿ ಜೋತುಬೀಳುತ್ತದೆ. ಆ ಕೊನೆಗೆ ಹಾಕಿದ ಬಟ್ಟೆ ನೆಲ ಗುಡಿಸುತ್ತದೆ. ಅದನ್ನು ಎತ್ತಿ, ಮತ್ತೆ ಜಾಲಿಸಿ, ಮತ್ತೆ ಹಾಕಿ, ಒಂಬತ್ತು ವರ್ಷ ಅವಳು ಬೈದದ್ದು ಆ ಮೇಸ್ತ್ರಿಯನ್ನು.

ಲಾಡಿಯ ಗಂಟಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು.

"ನನಗೂನಾ?"

ಅಷ್ಟೇ.

"ಅದು... ನೀನು ಅವತ್ತು ಅಂಗಡಿಗೆ ಬಂದಿದ್ದೆ. ಅಳೀತಾ ಅಳೀತಾ, ಮನೇಲೆಲ್ಲಾ ಆರಾಮಾ ಅಂತ ಕೇಳ್ಬಿಟ್ಟೆ."

"ನನ್ನನ್ನ?"

"ಅಭ್ಯಾಸಬಲ."

ಅವಳಿಗೆ ನಗು ಬಂತೋ ಸಿಟ್ಟು ಬಂತೋ, ಎರಡಕ್ಕೂ ಸಾಲುವಷ್ಟು ಹೊತ್ತು ಮುಖಕ್ಕೆ ಟವೆಲು ಹಿಡಿದುಕೊಂಡಳು. ಆಮೇಲೆ ಒದ್ದೆ ಬಟ್ಟೆಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಹೊಸ ಹಗ್ಗ ಬರೋವರೆಗೂ ನೀವೇ ಹಗ್ಗ. ಕೈ ಚಾಚಿ." ಎಡಗೈ ಮೇಲೆ ಎರಡು ಪ್ಯಾಂಟು, ಬಲಗೈ ಮೇಲೆ ದಿಂಬಿನ ಚೀಲಗಳು. ನಾನು ನಿಂತೆ.

ಈಗ ಅಂಗಡಿಯ ಕಟ್ಟೆಯ ಮೇಲೆ ಎರಡು ಮೊಳೆ ಹೊಡೆದಿದೆ, ನಡುವೆ ಸರಿಯಾಗಿ ಐದೂಮುಕ್ಕಾಲು ಅಡಿ. ಹೊಡೆದದ್ದು ಮಗಳು, ಟೇಪು ಹಿಡಿದುಕೊಟ್ಟದ್ದು ಟೈಲರ್. ಊರೆಲ್ಲ ಅದನ್ನು 'ಅಪ್ಪನ ಮಾರು' ಎನ್ನುತ್ತದೆ. "ಎರಡು ಅಪ್ಪನ ಮಾರು ಹಗ್ಗ ಕೊಡಿ" ಎಂದು ಗಿರಾಕಿಗಳು ನನ್ನ ಮುಖ ನೋಡದೆ ಮೊಳೆ ನೋಡಿಕೊಂಡು ಕೇಳುತ್ತಾರೆ. ಮನೇಲೆಲ್ಲಾ ಆರಾಮಾ ಎಂದು ನಾನು ಕೇಳಿದರೆ ಎಲ್ಲರೂ ಒಟ್ಟಿಗೆ ನನ್ನ ಮೊಣಕೈ ನೋಡುತ್ತಾರೆ. ಹಾಗಾಗಿ ಯಾರ ಯೋಗಕ್ಷೇಮವನ್ನೂ ವಿಚಾರಿಸುವ ಹಾಗಿಲ್ಲ. ಒರಟನಾಗಿದ್ದೇನೆ ಎಂದು ಅದಕ್ಕೂ ಆಕ್ಷೇಪ. ಪ್ರತಿ ಭಾನುವಾರ ಮೈದಾನದಲ್ಲಿ ಹೊಸ ಮಕ್ಕಳಿಗೆ ಮಾರು ತೋರಿಸಲು ಕೈ ಚಾಚಿ ನಿಲ್ಲುವ ಉದ್ಯೋಗವನ್ನೂ ಮೇಡಂ ಕೊಟ್ಟಿದ್ದಾರೆ.

ಹೋಗಲಿ, ಮಾರುವ ಮಾರು ಕೈತಪ್ಪಿದರೂ ಕೊಳ್ಳುವ ಮಾರು ಇದೆಯಲ್ಲ ಎಂಬ ಒಂದೇ ಒಂದು ಸಮಾಧಾನ ನನಗುಳಿದಿತ್ತು. ಆ ಮೊಳೆ ಇರುವುದು ಗಿರಾಕಿಗಳ ಕಡೆಗೆ. ಏಜೆಂಟ್ ಸುರುಳಿ ಇಳಿಸುವುದು ಹಿಂಬಾಗಿಲಲ್ಲಿ. ಮೊನ್ನೆ ಬಂದ. ಸುತ್ತಮುತ್ತ ಯಾರೂ ಇಲ್ಲ. ಸುರುಳಿ ಬಿಚ್ಚಿಸಿ, ಎದೆಯುಬ್ಬಿಸಿ, ಎಷ್ಟೋ ವಾರಗಳ ಮೇಲೆ ನಿರುಮ್ಮಳವಾಗಿ ಉಸಿರೆಳೆದು ತುದಿಗಾಲಲ್ಲಿ ನಿಂತು ಮೊದಲ ಮಾರು ಎಳೆದೆ.

ಬಕೆಟ್ಟುಗಳ ರಾಶಿಯ ಹಿಂದಿನಿಂದ, ಲೆಕ್ಕದ ಪಾಠ ಮಾಡುತ್ತಾ ಕೂತಿದ್ದ ಗುಂಡುಸೂಜಿ ತಲೆಯೆತ್ತದೆ ಅಂದಳು:

"ಅಪ್ಪಾ, ಹಿಮ್ಮಡಿ."